ನಿಮ್ಮವರ ಜಯಂತಿ ಮುಂದಿನ ತಿಂಗಳು

ಜಯಂತಿ ಆಚರಣಾ ಸಮಿತಿಯ ಮಾನ್ಯ ಅಧ್ಯಕ್ಷರೇ,

ಶರಣರ ಜಯಂತಿಯ ಪ್ರಬಂಧ ಸ್ಪರ್ಧೆಯಲ್ಲಿ ನೀವು ನನಗೆ ಕೊಟ್ಟ ಪ್ರಥಮ ಬಹುಮಾನವನ್ನು ಹಿಂದಿರುಗಿಸುತ್ತಿದ್ದೇನೆ. ಶಾಲು, ಹಾರದ ಸಮೇತ ಶರಣರ ಫೋಟೋ, ಎರಡೂ ಇವೆ. ನನಗಿಂತ ಚೆನ್ನಾಗಿ ಬರೆದವಳ ಪ್ರಬಂಧವನ್ನು ನಿಮ್ಮ ಸಮಿತಿ ಮುಟ್ಟಲೇ ಇಲ್ಲ.

ಪ್ರಬಂಧ ಕೊಡಲು ಬಂದ ದಿನ ಸಾಲಿನಲ್ಲಿ ನನ್ನ ಮುಂದೆ ಭವ್ಯ ನಿಂತಿದ್ದಳು. ಪದವಿಯ ಎರಡನೇ ವರ್ಷದಲ್ಲಿ ಓದುತ್ತಿರುವ ಹುಡುಗಿ. ಪ್ರಬಂಧ ತೆಗೆದುಕೊಳ್ಳಲು ಕೂತಿದ್ದ ನಿಮ್ಮ ಸದಸ್ಯರು ಕಾಗದ ನೋಡುವ ಮೊದಲು ಮುಖ ನೋಡಿದರು.

“ಯಾರ್ ಮಗ್ಳಮ್ಮಿ ನೀನು?”

“ಬೆಟ್ಟಯ್ಯನ ಮಗ್ಳು ಸಾ.”

“ಓ! ನಿಮ್ಮೋರ್ ಜಯಂತಿ ಮುಂದಿನ್ ತಿಂಗ್ಳು ಬತ್ತದೆ ಕಣಮ್ಮಿ. ಆಗ ತಂದ್ಕೊಡು, ಓಗು.”

ಹಿಂದೆಯೇ ನನ್ನನ್ನು ಕಂಡು ಅವರ ಮುಖ ಅರಳಿತು. “ಅರಿಶಿನ ಮಂಡಿ ಚಿಕ್ಕಮಲ್ಲಪ್ಪೋರ ಮಗ ಅಲ್ವಾ? ಬನ್ನಿ ಬನ್ನಿ!” ನನ್ನ ಪ್ರಬಂಧಕ್ಕೆ ಬಹುಮಾನ ಬಂದದ್ದು ಆ ಗಳಿಗೆಯಲ್ಲೇ. ತೀರ್ಪುಗಾರರು ಆಮೇಲೆ ಸಹಿ ಹಾಕಿದರು, ಅಷ್ಟೆ.

ಮಾನ್ಯರೇ, ಶರಣರು ಒಂದೇ ಪಂಕ್ತಿಯಲ್ಲಿ ಕೂತು, ಜಾತಿ ಮೀರಿ ಬೀಗರೂ ಆದದ್ದಕ್ಕೆ ಕಲ್ಯಾಣದಲ್ಲಿ ರಕ್ತ ಹರಿಯಿತು. ನಿಮ್ಮ ಜಯಂತಿಯಲ್ಲಿ ಹರಿದದ್ದು ಪಾಯಸ. ಬುದ್ಧ ಅರಮನೆ ಬಿಟ್ಟು ನಡೆದ. ನೀವು ಮುಂದಿನ ಸಾಲಿನ ಸೋಫಾ ಬಿಟ್ಟು ಎದ್ದದ್ದನ್ನು ಕಂಡವರಿಲ್ಲ. ಪ್ರಶ್ನೆ ಕೇಳಿದ ತಪ್ಪಿಗೆ ಸಾಕ್ರಟೀಸನಿಗೆ ವಿಷ ಕೊಟ್ಟರಂತೆ. ನೀವು ಅವರಿಗಿಂತ ಜಾಣರು, ಹಾರ ಹಾಕುತ್ತೀರಿ. ಹಾರ ಬಿದ್ದ ಮೇಲೆ ಯಾವ ಮಹಾತ್ಮನೂ ಬಾಯಿ ಬಿಟ್ಟದ್ದಿಲ್ಲ. ಇದನ್ನೆಲ್ಲ ನಾನು ಓದಿದ್ದು ಬಸ್ ನಿಲ್ದಾಣದಲ್ಲಿ ಸಿಗುವ ಹತ್ತು ರೂಪಾಯಿಯ ಕಿರುಹೊತ್ತಿಗೆಗಳಲ್ಲಿ. ನಿಮಗೆ ಅಷ್ಟೂ ಪುರುಸೊತ್ತಿಲ್ಲವೇ? ಇರಲಾರದು. ಪೂರ್ವಭಾವಿ ಸಭೆ ಕರೆದು, ಯಾವ ಮಹಾತ್ಮ ಯಾವ ಬೀದಿಗೆ ಸೇರಿದವನು ಎಂದು ಜಮೀನು ಪಾಲು ಮಾಡಿದಂತೆ ಹಂಚಬೇಕಲ್ಲ!

ಭವ್ಯಳ ಪ್ರಬಂಧವನ್ನು ನಾನು ಗುಂಡ್ಲುಪೇಟೆಯ ಬಸ್ಸಿನಲ್ಲಿ ಕೇಳಿ ಪಡೆದು ಓದಿದೆ. ಅದರಲ್ಲಿ ಒಂದು ಅರಿಶಿನ ಮಂಡಿ ಇದೆ. ಗೋಡೆಯ ಮೇಲೆ ಶರಣರ ಫೋಟೋ, ದಿನವೂ ಊದುಬತ್ತಿ. ಹೊರಗೆ ಕಿಟಕಿಯ ಮೇಲೆ, ಅಲ್ಲಿ ಕೂಲಿ ಮಾಡುವ ಅವಳ ತಂದೆಗೆಂದೇ ಇಟ್ಟ ಒಂದು ಸ್ಟೀಲ್ ಲೋಟ. ‘ಊದುಬತ್ತಿ ಹಚ್ಚಿದ ಕೈಯೇ ಅಪ್ಪನ ಲೋಟಕ್ಕೆ ಮೇಲಿನಿಂದ ನೀರು ಸುರಿಯುತ್ತದೆ’ ಎಂದು ಬರೆದಿದ್ದಾಳೆ. ಮಂಡಿ ಯಾರದೆಂದು ಬರೆದಿಲ್ಲ. ಬರೆಯಬೇಕಾಗಿಯೂ ಇರಲಿಲ್ಲ. ಆ ಲೋಟವನ್ನು ನಾನು ಬುದ್ಧಿ ಬಂದಾಗಿನಿಂದ ನೋಡುತ್ತಿದ್ದೇನೆ.

ಅದೇ ಸಂಜೆ ಆ ಲೋಟವನ್ನು ಒಳಗೆ ತಂದು ನಮ್ಮ ಲೋಟಗಳ ಜೊತೆ ಇಟ್ಟೆ. ನನ್ನ ತಂದೆ ಕೂಗಿದರು: “ಇಪ್ಪತ್ತು ವರ್ಷದಿಂದ ಬೆಟ್ಟಯ್ಯನೇ ಕೇಳಿಲ್ಲ, ನಿಂಗೇನ್ಲಾ ಬಂದಿರೋದು ರೋಗ?” ಬೆಟ್ಟಯ್ಯನವರು ಲೋಟವನ್ನು ತಾವೇ ಎತ್ತಿಕೊಂಡು ಹೋಗಿ ಕಿಟಕಿಯ ಮೇಲಿಟ್ಟರು. “ಸುಮ್ನಿರಿ ಬುದ್ಧಿ, ನನ್ ಕೆಲ್ಸ ಕಳೀಬೇಡಿ” ಎಂದರು. ಅವರನ್ನು ಕೇಳದೆ ಲೋಟ ಎತ್ತಿದ್ದು ನನ್ನ ತಪ್ಪು.

ಆದ್ದರಿಂದ ಈ ಪತ್ರವನ್ನು ಭವ್ಯಳನ್ನು ಕೇಳಿಯೇ ಬರೆದಿದ್ದೇನೆ. “ನಮ್ ಎಸ್ರು ಆಕಣ್ಣ. ಅಪ್ಪಯ್ಯಂಗೂ ಯೋಳಿವ್ನಿ. ಮೊದ್ಲು ಬೈದ್ರು, ಆಮೇಲೆ ‘ಎಲ್ಲಿ, ಏನ್ ಬರ್ದಿದ್ದಿಯೋ ಓದು’ ಅಂದ್ರು” ಎಂದಳು.

ಬರುವ ಸೋಮವಾರ ಚಾಮರಾಜನಗರದ ಸಮಾರೋಪದಲ್ಲಿ ಪ್ರಬಂಧ ಓದಲು ನನಗೆ ಹತ್ತು ನಿಮಿಷ ಕೊಟ್ಟಿದ್ದೀರಿ. ಆ ಹತ್ತು ನಿಮಿಷ ಭವ್ಯಳದು. ಒಂದು ಸಾಲನ್ನೂ ಬಿಡದೆ ಅವಳು ಓದಬೇಕು. ಮುಂದಿನ ಸಾಲಿನಲ್ಲಿ ನನ್ನ ತಂದೆಗೆ ಕುರ್ಚಿ ಕಾದಿರಿಸಿದ್ದೀರಿ. ಅದರ ಪಕ್ಕದ ಕುರ್ಚಿ ಬೆಟ್ಟಯ್ಯನವರಿಗೆ. ನಡುವೆ ನೀರಿನ ಲೋಟ ಒಂದೇ ಇಡಿ. ಮೊದಲು ಯಾರು ಕುಡಿಯುತ್ತಾರೆ, ಆಮೇಲೆ ಯಾರು ಕುಡಿಯುತ್ತಾರೆ, ನೋಡೋಣ. ಶರಣರ ಪ್ರಭಾವ ಎಷ್ಟು ಉಳಿದಿದೆ ಎಂಬುದು ನಿಮ್ಮ ಭಾಷಣವಿಲ್ಲದೆಯೂ ಸಭೆಗೆ ತಿಳಿಯುತ್ತದೆ.

ಇಂತಿ,
ಅಪ್ಪನ ಹೆಸರಿನಿಂದಲೇ ಪ್ರಥಮ ಬಂದ,
ಸಾಗರ್
ಗುಂಡ್ಲುಪೇಟೆ