ಬಿಸ್ಕತ್ತಿನ ಡಬ್ಬಿಯ ಕೆಂಪು ರೀಲು

ಹೆಮ್ಮರಗಾಲ, ನಂಜನಗೂಡು ತಾಲ್ಲೂಕು
23-4-2025, ಬುಧವಾರ ಸಂಜೆ

ಪ್ರೀತಿಯ ಗೌತಮೀ,

ಜೈಭೀಮ್ ಮಗಳೇ. ಹೇಗಿದ್ದೀಯ? ಕುತ್ತಿಗೆ ನೋವು ಇಳಿಯಿತೇ? ಮಿಷನ್ನಿನ ಮುಂದೆ ಬಗ್ಗಿ ಕೂತು ಬಂದ ನೋವು ಅದು. ನಾಲ್ಕು ದಿನದಿಂದ ಬಗ್ಗಿಲ್ಲವಲ್ಲ, ಕಡಿಮೆಯಾಗಿರಬೇಕು. ಹಾಗೆ ಕಡಿಮೆಯಾಗುವುದು ನನಗೇನೂ ಇಷ್ಟವಿಲ್ಲ, ಅದನ್ನೂ ಈಗಲೇ ಹೇಳಿಬಿಡುತ್ತೇನೆ. ತಲಕಾಡಿನ ಬಿಸಿಲಿನಲ್ಲಿ ಮಧ್ಯಾಹ್ನದ ಹೊತ್ತು ಮರಳಿನ ಮೇಲೆ ಬರಿಗಾಲಲ್ಲಿ ಓಡಾಡಬೇಡ. ನಿನ್ನ ಫೋನಿಗೆ ಮಾಡಿದರೆ ಆಫ್ ಆಗಿದೆ ಎನ್ನುತ್ತದೆ. ನಿನ್ನ ಸೋದರಮಾವ ಕುಮಾರನಿಗೆ ಮಾಡಿದರೆ, "ಮಲಗವ್ಳೆ ಕಣವ್ವ" ಎನ್ನುತ್ತಾನೆ. ಹಗಲು ಹನ್ನೊಂದು ಗಂಟೆಗೆ ಯಾರು ಮಲಗುತ್ತಾರೆ? ನೀನೇ ಪಕ್ಕದಲ್ಲಿ ನಿಂತು ಕೈಸನ್ನೆ ಮಾಡಿ ಹೇಳಿಸುತ್ತಿರುತ್ತೀಯ, ನನಗೆ ಗೊತ್ತಿಲ್ಲವೇ? ಅದಕ್ಕೇ ಈ ಕಾಗದ. ನಾಳೆ ಬೆಳಿಗ್ಗೆ ನಮ್ಮ ಬೀದಿಯ ಮಹಾದೇವಸ್ವಾಮಿ ಆ ಕಡೆ ಹೋಗುತ್ತಾನಂತೆ, ಅವನ ಕೈಯಲ್ಲಿ ಕಳಿಸುತ್ತೇನೆ. ಕಾಗದವಾದರೆ ಸ್ವಿಚ್ ಆಫ್ ಮಾಡಲು ಆಗುವುದಿಲ್ಲ.

ನಿನಗೊಂದು ಕಥೆ ಹೇಳಬೇಕಾಗಿದೆ. ಅದನ್ನು ಮೊದಲು ಹೇಳಿದವಳು ಸೋಸಲೆಯ ಚಿಕ್ಕಬಸಮ್ಮ, 1994ರ ಬೇಸಿಗೆಯಲ್ಲಿ, ಟಿ. ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ. ಆದರೆ ಮೊದಲು ಮನೆಯ ಸುದ್ದಿ.

ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆ, ನಿನ್ನ ಮಿಷನ್ನೊಂದು ಬಿಟ್ಟು. ನೀನು ಹೊದೆಸಿ ಹೋದ ಬೆಡ್‌ಶೀಟಿನ ಕೆಳಗೆ ಅದು ಜ್ವರ ಬಂದವರ ಹಾಗೆ ಕೂತಿದೆ. ಅದನ್ನು ಮಾರಿಬಿಡಿ ಎಂದು ನಿನ್ನಪ್ಪನಿಗೆ ಹೇಳಿ ಹೋದೆಯಲ್ಲ, ಅವನು ಒಂದೇ ಮಾತಿಗೆ ಒಪ್ಪಿಕೊಂಡ. ಬರುವ ಭಾನುವಾರ ನರಸೀಪುರದಿಂದ ಯಾರೋ ನೋಡಲು ಬರುತ್ತಾರಂತೆ. ನನಗೆ ಹೊತ್ತು ಹೋಗುತ್ತಿಲ್ಲ. ಹೊಲಿಗೆಗೆ ಕೂತರೆ ನೀನು ಕತ್ತು ಎತ್ತುವವಳಲ್ಲ. ಬಲಗೈ ಬಟ್ಟೆಯ ಮೇಲೆ, ಎಡಗೈ ಹಿಂದಕ್ಕೆ. "ಅಜ್ಜಿ, ಹಸ್ರು." "ಅಜ್ಜಿ, ಬಾಬಿನ್ನು." ನಾನು ಎತ್ತಿಕೊಡಬೇಕು, ನೀನು ತಿರುಗಿ ಸಹ ನೋಡದೆ ತೆಗೆದುಕೊಳ್ಳಬೇಕು. ಅಂಗನವಾಡಿ ಕೆಲಸದಿಂದ ರಿಟೈರ್ ಆದ ಮೇಲೆ ನನಗಿದ್ದ ನೌಕರಿ ಅದೊಂದೇ. ಹಿಂದಕ್ಕೆ ಚಾಚಿದ ಆ ಕೈ ಕಾಣದೆ ಈ ನಾಲ್ಕು ದಿನ ನಾನು ಸುಮ್ಮನೆ ರೀಲುಗಳನ್ನು ಜೋಡಿಸುತ್ತೇನೆ, ಕೆಡಿಸುತ್ತೇನೆ, ಮತ್ತೆ ಜೋಡಿಸುತ್ತೇನೆ.

ಶುಕ್ರವಾರದ್ದು ಕಣ್ಣಿಗೆ ಕಟ್ಟಿದಂತಿದೆ. ರೋಜಾ ಬಂದು ನಡುಮನೆಯಲ್ಲಿ ಸೀರೆ ಹರಡಿದಳಲ್ಲ, ಮೇ ನಾಲ್ಕಕ್ಕೆ ಅವಳ ಮಗಳು ಕವನ ಅದನ್ನು ಉಟ್ಟು ಬುದ್ಧನ ಮುಂದೆ ನಿಲ್ಲಬೇಕು. ಬೆಳ್ಳಗಿನ ಸೀರೆ, ಅಂಚಿನಲ್ಲಿ ನೀನು ಬಿಡಿಸಿದ ಕೆಂಪು ತಾವರೆಗಳು. ಅಂಚಿನ ಹೂಗಳೆಲ್ಲ ಚಿನ್ನದಂತಿದ್ದವು. ಸೆರಗಿನ ಕೊನೆಯ ಎರಡು ಹೂಗಳು ಮಾತ್ರ, ನೀರು ಚಿಮುಕಿಸಿ ಇಸ್ತ್ರಿ ಮಾಡಿದ ಕೂಡಲೇ, ಸುತ್ತಲೂ ಅಂಗೈ ಅಗಲ ಬಣ್ಣ ಬಿಟ್ಟಿದ್ದವು. "ಏನವ್ವಾ ಗೌತಮಿ, ಮದ್ವೆ ಸೀರೆ ಮ್ಯಾಲೆ ಎಲೆಅಡ್ಕೆ ಉಗ್ದಂಗೆ ಮಾಡಿದ್ದೀಯಲ್ಲ! ನಿನ್ ಕೈಗೆ ಕೊಟ್ಟಿದ್ದೇ ನನ್ ತಪ್ಪು" ಎಂದಳು ರೋಜಾ. ನೀನು, "ಒಂದೊಂದ್ ರೀಲೂ ನೆನ್ಸಿ ನೋಡಿದ್ದೀನಿ ಕಣಕ್ಕ" ಎಂದೆ. ಒಂದೇ ಸಲ. ಆಮೇಲೆ ನಂಜನಗೂಡಿಗೆ ಹೋಗಿ ದಾರದ ಅಂಗಡಿಯ ಸಿದ್ದಮಲ್ಲಪ್ಪನ ಮೇಲೆ ಕೂಗಾಡಿ ಬಂದೆ. ಸಂಜೆ, "ನನ್ ಕೈಯೇ ಸರಿ ಇಲ್ಲ ಅಜ್ಜಿ" ಎಂದು ಮಿಷನ್ನನ್ನು ಗೋಡೆಗೆ ತಿರುಗಿಸಿದೆ. ಬೆಳಗಾದರೆ ತಲಕಾಡಿನ ಬಸ್ಸು. ಅವತ್ತು ನಾನು ಬಾಗಿಲಲ್ಲೇ ನಿಂತಿದ್ದೆ. ಒಂದು ಮಾತೂ ಆಡಲಿಲ್ಲ.

ಸೋಮವಾರ ನಾನೂ ಸಿದ್ದಮಲ್ಲಪ್ಪನ ಅಂಗಡಿಗೆ ಹೋದೆ. ಸೀರೆಯಿಂದ ಹೆಚ್ಚಾಗಿ ಉಳಿದಿತ್ತಲ್ಲ, ಆ ಬಿಳಿ ತುಂಡನ್ನು ಸೆರಗಿಗೆ ಕಟ್ಟಿಕೊಂಡಿದ್ದೆ. ನನ್ನನ್ನು ಕಂಡ ಕೂಡಲೇ ಆತ ಎದ್ದು ನಿಂತ. "ನಿಮ್ ಮೊಮ್ಮಗ್ಳು ಬಂದು ನನ್ ಮಾನ ತೆಗ್ದು ಓದ್ಲು. ನನ್ನಂಗ್ಡಿ ಪಾಲಿಯೆಸ್ಟರ್ ಕೆಂಪು ಬಣ್ಣ ಬಿಟ್ರೆ ಈ ಮೀಸೆ ಬೋಳಿಸ್ಕತೀನಿ ಕಣವ್ವ" ಎಂದ. ಎದುರಿನ ಟೀ ಅಂಗಡಿಯಿಂದ ಒಂದು ಲೋಟ ಕುದಿಯುವ ನೀರು ತರಿಸಿ, ನೀನು ಕೊಂಡಿದ್ದ ನಂಬರಿನ ಕೆಂಪನ್ನೇ ಒಂದು ಮಾರು ಬಿಚ್ಚಿ ಮುಳುಗಿಸಿದ. ಇಬ್ಬರೂ ಲೋಟವನ್ನೇ ನೋಡುತ್ತಾ ಕೂತೆವು. ನೀರು ನೀರಾಗಿಯೇ ಉಳಿಯಿತು, ಮೀಸೆಯೂ ಉಳಿಯಿತು.

ಆಮೇಲೆ ನಾನು ಹಸಿರು ಕೇಳಿದೆ. ಯಾಕೆ ಹಸಿರು ಎನ್ನುತ್ತೀಯೇನೋ. ಆ ಎರಡು ಹೂಗಳನ್ನು ಬಿಚ್ಚಿದರೂ ಕಲೆ ಪೂರ್ತಿ ಹೋಗುವುದಿಲ್ಲ, ತಿಳಿಗುಲಾಬಿಯಾಗಿ ಉಳಿಯುತ್ತದೆ. ಅದರ ಮೇಲೆ ತಾವರೆಯ ಅಗಲದ ಎಲೆ ಹಾಸಿದರೆ ಮುಚ್ಚಿಹೋಗುತ್ತದೆ ಎಂದು ನನ್ನ ಲೆಕ್ಕ. ಆತ ಮೊದಲು ಸಿಲ್ಕ್ ದಾರ ತೆಗೆದ. ಹೆಸರಿಗಷ್ಟೇ ಸಿಲ್ಕ್, ನಿಜಕ್ಕೆ ರೇಯಾನು. ಮಿಂಚು ನೋಡಿದರೆ ಕಣ್ಣು ತುಂಬುತ್ತದೆ. ಗೋಡೆಗೆ ತೂಗುಹಾಕುವುದಕ್ಕಾದರೆ ನಾನೂ ಅದನ್ನೇ ತರುತ್ತಿದ್ದೆ. ಆದರೆ ಈ ಸೀರೆ ಮದುವೆಯ ದಿನ ಬೆವರು ಕಾಣುತ್ತದೆ, ಆಮೇಲೆ ಸೋಪು ಕಾಣುತ್ತದೆ, ಬಿಸಿಲು ಕಾಣುತ್ತದೆ. ಸಾದಾ ಹತ್ತಿ ದಾರ ಇಟ್ಟು ನೋಡಿದೆ, ನಿನ್ನ ಹೂಗಳ ಪಕ್ಕದಲ್ಲಿ ಮಂಕು ಬಡಿದಂತಿತ್ತು. ಎಲೆಯ ನರಕ್ಕೆ ಒಂದೆಳೆ ಜರಿ ಹಾಕಿದರೆ ಹೇಗೆ ಎಂದೂ ಆಸೆಯಾಯಿತು. ಜರಿ ದಾರಕ್ಕೆ ಮಿಷನ್ನಿನ ವೇಗ ತಡೆಯುವುದಿಲ್ಲ, ನೀನು ಬಯ್ಯುತ್ತೀಯ ಎಂದು ಬಿಟ್ಟೆ. ಕೊನೆಗೆ ಪಾಲಿಯೆಸ್ಟರಿನಲ್ಲಿ ಮೂರು ಹಸಿರು ಹಿಡಿದುಕೊಂಡು ಬೀದಿಗೆ ಬಂದೆ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಮೂರೂ ಒಂದೇ. ರೀಲಿನಲ್ಲಿ ಸುತ್ತಿಕೊಂಡಿರುವ ಬಣ್ಣ ಯಾವಾಗಲೂ ದಟ್ಟವಾಗಿ ಕಾಣುತ್ತದೆ. ಒಂದೆಳೆ ಬಿಚ್ಚಿ ಬಟ್ಟೆಯ ಮೇಲೆ ಇಟ್ಟಾಗಲೇ ನಿಜ ತಿಳಿಯುವುದು. ಬಿಸಿಲಿನಲ್ಲಿ ಇಟ್ಟು ನೋಡಿದರೆ ಒಂದು ನೀಲಿಗೆ ತಿರುಗಿತು, ಒಂದು ಹಳದಿಗೆ. ನಡುವಿನದು ಎಳೆಯ ಎಲೆಯಂತೆ ಸುಮ್ಮನೆ ಮಲಗಿತು. ಅದನ್ನೇ ತಂದಿದ್ದೇನೆ, ಎರಡು ರೀಲು. ಕೆಂಪೂ ಎರಡು. ಅಂಗಡಿಯಲ್ಲಿ ನೆನೆಸಿದ್ದು ಸಾಲದೆಂದು ಮನೆಯಲ್ಲೂ ಸೋಪಿನ ಬಿಸಿನೀರಿನಲ್ಲಿ ಎಳೆ ನೆನೆಸಿ, ಬಿಳಿ ಬಟ್ಟೆಗೆ ಉಜ್ಜಿ ನೋಡಿದೆ. ಬಟ್ಟೆ ಬೆಳ್ಳಗೇ ಇದೆ.

ಈಗ ಕಥೆಗೆ ಬರುತ್ತೇನೆ. ಆ ಬೇಸಿಗೆ ನಾನು ತವರುಮನೆಯಲ್ಲಿದ್ದು ನರಸೀಪುರದಲ್ಲಿ ಎರಡು ತಿಂಗಳ ಹೊಲಿಗೆ ತರಬೇತಿಗೆ ಹೋಗುತ್ತಿದ್ದೆ. ಎಂಟು ಜನ ಹೆಂಗಸರು. ಎಲ್ಲರೂ ಮನೆಯಿಂದ ತಂದ ದಾರವನ್ನು ಒಂದೇ ಬುಟ್ಟಿಗೆ ಹಾಕಿ ಹಂಚಿಕೊಳ್ಳುತ್ತಿದ್ದೆವು. ಕೊನೆಯ ದಿನದ ಸಮಾರಂಭದ ಮೇಜಿಗೆ ಒಂದು ಬಿಳಿ ಹಾಸು, ಅದರಲ್ಲಿ ಒಬ್ಬೊಬ್ಬರದು ಒಂದೊಂದು ಹೂ. ಪೆನ್ಸಿಲ್ ಗುರುತು ಹೋಗಲೆಂದು ಟೀಚರು ಅದನ್ನು ನೀರಿಗೆ ಹಾಕಿದರೆ ಮೂಗೂರಿನ ಹುಡುಗಿಯ ಹೂ ಬಣ್ಣ ಬಿಟ್ಟಿತು. ಎಲ್ಲರೂ ಅವಳನ್ನೇ ಅಂದರು. ರೀಲು ಬುಟ್ಟಿಗೆ ಬಂದದ್ದು ಯಾರ ಮನೆಯಿಂದ ಎಂದು ಯಾರೂ ಕೇಳಲಿಲ್ಲ. ಅವಳು ಮಾರನೆಯ ದಿನದಿಂದ ತರಬೇತಿ ಬಿಟ್ಟಳು. ಎರಡು ದಿನ ಕಳೆದ ಮೇಲೆ ಸಂಜೆ, ಬಸ್ಸು ತಡವಾಗಿ ನಾವೆಲ್ಲ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಿದ್ದಾಗ, ನಮ್ಮಲ್ಲೇ ಹಿರಿಯಳಾದ ಚಿಕ್ಕಬಸಮ್ಮ ಬಾಯಿಗೆ ಎಲೆ ಹಾಕಿಕೊಂಡು ಶುರುಮಾಡಿದಳು.

ಹೊಳೆದಂಡೆಯ ಒಂದೂರಿನಲ್ಲಿ ಹೂವಕ್ಕ ಅಂತ ಒಬ್ಬಳಿದ್ದಳಂತೆ. ಅವಳು ಬಟ್ಟೆಯ ಮೇಲೆ ಹೂ ಹಾಕಿದರೆ ದುಂಬಿ ಬಂದು ಕೂರುತ್ತಿತ್ತಂತೆ. ಹೊಸ ದಾರ ಬಂದರೆ ಮೊದಲು ನೆಂಟರಂತೆ ಕೂರಿಸಿ ಪರೀಕ್ಷೆ ಮಾಡುವಳು: ಒಂದು ಹಗಲು ಬಿಸಿಲಿಗೆ, ಒಂದು ರಾತ್ರಿ ನೀರಿಗೆ, ಆಮೇಲೆ ಕೈಯಲ್ಲಿ ಎಳೆದು ನೋಡುವಳು. ಒಂದು ದಿನ ಅವಳ ನಾದಿನಿ, ತನ್ನ ದಾರವೂ ಆ ಬಟ್ಟೆಯಲ್ಲಿ ಇರಲಿ ಎಂಬ ಆಸೆಗೆ, ಪರೀಕ್ಷೆಯಾಗದ ಒಂದು ಕೆಂಪು ದಾರವನ್ನು ಕದ್ದು ಸೇರಿಸಿದಳು. ಹೂ ಬಣ್ಣ ಬಿಟ್ಟಿತು. ಹೂವಕ್ಕ ತನ್ನ ಕೈಗೇ ಬೈದು, ಕೈಗೆ ಬಟ್ಟೆ ಸುತ್ತಿ ಮೂಲೆಯಲ್ಲಿ ಕೂತಳು. ಅವತ್ತಿನಿಂದ ಗೂಡಿನಲ್ಲಿ ಉಳಿದಿದ್ದ ಆ ದಾರ ಅಳಲು ಶುರುಮಾಡಿತಂತೆ, "ನಾನು ಕಣವ್ವ, ನಾನು" ಅಂತ. ನಾದಿನಿ ಅದನ್ನು ರಾಗಿಯ ಮಡಕೆಯಲ್ಲಿ ಹೂತಿಟ್ಟಳು, ಅಲ್ಲೂ ಅತ್ತಿತು. ಒಲೆಯ ಹಿಂದೆ ಇಟ್ಟಳು, ಅಲ್ಲೂ ಅತ್ತಿತು. ಕೊನೆಗೆ ಬಾಯಲ್ಲಿ ಹಾಕಿ ನುಂಗಿದಳು. ಈಗ ಅಳು ಅವಳ ಹೊಟ್ಟೆಯಿಂದಲೇ ಬರತೊಡಗಿತು.

ಅಷ್ಟರಲ್ಲಿ ಸೋಸಲೆಯ ಬಸ್ಸು ಬಂತು. "ಆಮ್ಯಾಕ್ ಏನಾಯ್ತು?" ಎಂದು ನಾವು ಕೂಗಿದರೆ, ಚಿಕ್ಕಬಸಮ್ಮ ಮೆಟ್ಟಿಲ ಮೇಲಿಂದ, "ನಂಗೇನ್ ಗೊತ್ರವ್ವ. ನಾಳೀಕೆ ನೀವೇ ಯೋಳಿ" ಎಂದು ಒಳಗೆ ಹೋದಳು.

ಮಾರನೆಯ ಬೆಳಿಗ್ಗೆ ಅವಳ ಮಿಷನ್ನಿನ ಮೇಲೆ ನಾಲ್ಕು ಕೆಂಪು ರೀಲುಗಳಿದ್ದವು. ನಾಲ್ವರೂ, ತಪ್ಪು ನನ್ನದೇ ಇರಬಹುದು ಎಂದು ಒಬ್ಬರಿಗೊಬ್ಬರು ಹೇಳದೆ ತಂದಿಟ್ಟಿದ್ದೆವು. ಚಿಕ್ಕಬಸಮ್ಮ ಬಿದ್ದು ಬಿದ್ದು ನಕ್ಕಳು. ನಾಲ್ಕನ್ನೂ ಒಬ್ಬಳೇ ನೆನೆಸಿ ನೋಡಿದಳು. ಬಣ್ಣ ಬಿಟ್ಟದ್ದು ಒಂದೇ. ಯಾರದೆಂದು ಸಾಯುವತನಕ ಬಾಯಿಬಿಡಲಿಲ್ಲ. ನಾಲ್ವರೂ ಅವತ್ತೇ ಮೂಗೂರಿಗೆ ಹೋಗಿ ಆ ಹುಡುಗಿಯನ್ನು ಕರೆತಂದೆವು.

ಈ ಕಥೆಯನ್ನು ಇವತ್ತು ಸಂಜೆ ರೋಜಾಳ ಮನೆಯ ಜಗಲಿಯಲ್ಲಿ ಕೂತು ಅವಳಿಗೂ ಕವನಳಿಗೂ ಹೇಳಿ ಬಂದೆ. ಸೀರೆ ಸರಿಮಾಡಲು ಎರಡು ದಿನ ಕೊಡಿ ಎಂದು ಕೇಳುವುದಕ್ಕೆ ಹೋಗಿದ್ದೆ, ಬಾಯಿಗೆ ಬಂದದ್ದು ಕಥೆ. ರೋಜಾ ಎದ್ದು ಹೋಗಿ ಕಾಫಿ ತಂದುಕೊಟ್ಟಳು.

ಎಲೆ ಹಾಸುವುದು ನನ್ನಿಂದಾಗದು, ಕೈ ನಡುಗುತ್ತದೆ. ಅದು ನಿನ್ನ ಕೈಯ ಕೆಲಸ. ನಿನ್ನ ಕೈ ಸರಿಯಾಗಿದೆ ಮಗಳೇ. ಹೊತ್ತಿಗೆ ಸರಿಯಾಗಿ ಉಣ್ಣು. ಕುಮಾರನಿಗೂ ಮನೆಯವರಿಗೂ ನನ್ನ ಜೈಭೀಮ್ ತಿಳಿಸು. ನಿನಗೆ ಸದಾ ಒಳಿತಾಗಲಿ.

ನಿನ್ನ ಅಜ್ಜಿ,
ಮರಿತಾಯಮ್ಮ

ತಾ.ಕ.: ಗುರುವಾರ ಬೆಳಿಗ್ಗೆ ಏಳೂವರೆ. ಮೇಲಿನದನ್ನೆಲ್ಲ ಬರೆದೂ ಬರೆಯಬೇಕಾದ್ದನ್ನು ಬರೆದಿರಲಿಲ್ಲ. 1994ರಲ್ಲಿ ಬಣ್ಣ ಬಿಟ್ಟ ರೀಲು ನನ್ನದು. ಚಿಕ್ಕಬಸಮ್ಮ ಅದನ್ನು ಗುಟ್ಟಾಗಿ ನನ್ನ ಕೈಗೇ ವಾಪಸು ಕೊಟ್ಟು, "ನೀರು ಕಾಣ್ದಿರೋ ಕಡೆ ಮಡಿಕ್ಕವ್ವ" ಎಂದಿದ್ದಳು. ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೆ. ಸೆರಗಿನ ಎರಡು ಹೂ ಉಳಿದಿರುವಾಗ ನಿನ್ನ ರೀಲು ಮುಗಿಯಿತು. ನೀನು ಕೈ ಚಾಚಿ "ಅಜ್ಜಿ, ಕೆಂಪು" ಎಂದೆ. ಇಲ್ಲ ಎಂದರೆ ಆ ಬಿಸಿಲಲ್ಲಿ ನಂಜನಗೂಡಿಗೆ ಓಡುತ್ತೀಯ ಎಂದು ಡಬ್ಬಿಯದನ್ನು ಕೊಟ್ಟೆ. ಮೂವತ್ತೊಂದು ವರ್ಷವಾಯಿತು, ಇಷ್ಟರಲ್ಲಿ ಅದು ಬಣ್ಣ ಬಿಡುವುದನ್ನು ಮರೆತಿರುತ್ತದೆ ಅಂದುಕೊಂಡೆ. "ಯಾಕಜ್ಜಿ ಈ ದಾರ ತುಂಡ್ ತುಂಡಾಯ್ತದೆ?" ಎಂದು ಕೇಳಿದೆ ನೀನು. ಸೂಜಿ ಬದಲಾಯಿಸು ಎಂದೆ ನಾನು. ಶುಕ್ರವಾರ ರೋಜಾ ನಿನ್ನನ್ನು ಅನ್ನುವಾಗಲೇ ನನಗೆ ಗೊತ್ತಿತ್ತು. ಐದು ದಿನ ನುಂಗಿಕೊಂಡು ಕೂತೆ. ಉಳಿದ ದಾರವನ್ನು ಈ ಬೆಳಿಗ್ಗೆ ಚೊಂಬಿನಲ್ಲಿ ನೆನೆಸಿದೆ. ನೀರೆಲ್ಲ ಕೆಂಪು.

ಚೊಂಬು ಹಿಡಿದು ರೋಜಾಳ ಮನೆಗೆ ಹೊರಟರೆ, ತಾಯಿ ಮಗಳು ಇಬ್ಬರೂ ಸೀರೆ ಎತ್ತಿಕೊಂಡು ನಮ್ಮ ಬಾಗಿಲಿಗೇ ಬಂದಿದ್ದಾರೆ. "ಅಜ್ಜಿ, ಇಸ್ತ್ರಿ ಮಾಡಾಗ ನೀರು ಜಾಸ್ತಿ ಉಯ್ದೋಳು ನಾನು, ಅವ್ವಂಗೆ ಯೋಳಿರ್ನಿಲ್ಲ" ಎಂದಳು ಕವನ. "ದೊಡ್ಡವ್ವ, ಬ್ಯಾಗ ಮುಗ್ಸು, ಬ್ಯಾಗ ಮುಗ್ಸು ಅಂತ ಅವ್ಳ ತಲೆ ಮ್ಯಾಲೆ ಕೂತ್ಕಂಡೋಳು ನಾನು" ಎಂದಳು ರೋಜಾ. ನಾನು ಚೊಂಬು ತೋರಿಸಿ ಎಲ್ಲವನ್ನೂ ಹೇಳಿದೆ, ನಿನ್ನ ಅಪ್ಪ ಅವ್ವನ ಎದುರಿಗೇ. ರೋಜಾ ನನ್ನ ಕೈಯಿಂದ ಚೊಂಬು ಇಳಿಸಿಕೊಂಡು, "ನನ್ ಬಾಯಿಗ್ ಮಣ್ ಹಾಕ, ಆ ಮಗೀಗೆ ಏನೇನ್ ಅಂದ್ಬುಟ್ನಲ್ಲ" ಎಂದಳು. ನಿನ್ನಪ್ಪ ನರಸೀಪುರದವರಿಗೆ ಫೋನು ಮಾಡಿ ಬರಬೇಡಿ ಎಂದಿದ್ದಾನೆ.

ಈ ಕಾಗದವನ್ನು ಮಹಾದೇವಸ್ವಾಮಿಯ ಕೈಯಲ್ಲಿ ಕಳಿಸುತ್ತಿಲ್ಲ, ರೋಜಾ, ಕವನರ ಜೊತೆ ನಾನೇ ತರುತ್ತಿದ್ದೇನೆ. ಮೊಮ್ಮಗಳ ಮುಖ ನೋಡಿ ಇದನ್ನೆಲ್ಲ ಬಾಯಲ್ಲಿ ಹೇಳುವಷ್ಟು ಧೈರ್ಯ ನನಗಿಲ್ಲ, ಅದಕ್ಕೇ ಕೈಗೆ ಕೊಡುತ್ತೇನೆ. ನೀನು ಓದುವಾಗ ನಾವು ಮೂವರೂ ಕುಮಾರನ ಜಗಲಿಯಲ್ಲಿ ಕೂತಿರುತ್ತೇವೆ, ಸೀರೆ ಕವನಳ ತೊಡೆಯ ಮೇಲಿರುತ್ತದೆ. ಮಲಗವ್ಳೆ ಅನ್ನಿಸಬೇಡ. ನನ್ನ ಚೀಲದಲ್ಲಿ ಎರಡು ಕೆಂಪು, ಎರಡು ಹಸಿರು ಇವೆ. ಹೊರಗೆ ಬಂದು ಕೈ ಚಾಚು. ಈ ಸಲ ಮಾತ್ರ, ನಾನು ಕೊಟ್ಟದ್ದನ್ನು ತಿರುಗಿ ನೋಡಿ ತೆಗೆದುಕೋ.