ಕಡೆಯ ಪೋರ್ಷನ್ನಿಗೆ ಒಂದು ಜಿಬಿ

ಕುಮಾರಸ್ವಾಮಿ ಲೇಔಟ್,
ಭಾನುವಾರ ಬೆಳಿಗ್ಗೆ

ತೇಜಸ್ವಿನಿ ಅವರಿಗೆ,

ನಿಮಗೆ ಕಂಪ್ಯೂಟರ್ ಕಲಿಸುತ್ತಿದ್ದ ಕೆಂಪರಾಜು ಮಾಡುವ ನಮಸ್ಕಾರ. ಫೋನ್ ಮಾಡಿದರೆ ನೀವು ಎತ್ತುತ್ತಿಲ್ಲ. ಎತ್ತಲೇಬೇಕೆಂದು ಹೇಳುವ ಮುಖವೂ ನನಗಿಲ್ಲ. ಅದಕ್ಕೇ ಈ ಪತ್ರ. ಹರಿದುಹಾಕುವುದಾದರೂ ಕಡೆಯವರೆಗೆ ಓದಿ ಹರಿಯಿರಿ.

ಮೊದಲು ವಿಷಯ. ಕ್ಲಾಸಿನ ಕಂಪ್ಯೂಟರಿಗೆ ಗುರುವಾರ ಹೊಸ ರ‍್ಯಾಮ್ ಹಾಕಿದೆ. ಹದಿನಾರು ಜಿಬಿ ಇದ್ದದ್ದು ಈಗ ಅರವತ್ತನಾಲ್ಕು. ಹಳೆಯ ಹಾರ್ಡ್ ಡಿಸ್ಕ್ ಜಾಗಕ್ಕೆ ಎಸ್‌ಎಸ್‌ಡಿ ಬಂತು. ಎಸ್.ಪಿ. ರೋಡಿನಿಂದ ತಂದ ರ‍್ಯಾಮ್ ಮೊದಲ ಸಲ ಸರಿಯಾಗಿ ಕೂರದೆ, ಕಂಪ್ಯೂಟರ್ ಪೀ ಎಂದು ಕೂಗಿ ಸುಮ್ಮನಾಯಿತು. ನಮ್ಮ ಮನೆಯವರು ಬಾಗಿಲಲ್ಲಿ ನಿಂತು, "ಇದ್ದಿದ್ದನ್ನೂ ಕೆಡಿಸಿದ್ರಾ?" ಎಂದರು. ಕಟ್ ಎಂದು ಸದ್ದು ಬರುವವರೆಗೆ ಒತ್ತಿದೆ, ಓಡಿತು.

ಆಮೇಲೆ ನಿಮ್ಮ ನಾಲ್ವರ ವರ್ಚುವಲ್ ಮಷೀನುಗಳಿಗೆ ಅದನ್ನು ಹಂಚಬೇಕಿತ್ತು. ನಾನು ಕ್ಲಾಸಿನಲ್ಲಿ ಹೇಳುತ್ತಿದ್ದದ್ದು ನೆನಪಿರಬಹುದು. ನಿಮ್ಮ ಎದುರಿನ ಹಳೆಯ ಲ್ಯಾಪ್‌ಟಾಪುಗಳು ಬರೀ ನೋಡುವುದಕ್ಕೆ. ಕೆಲಸ ನಡೆಯುವುದೆಲ್ಲ ನನ್ನ ಮೇಜಿನ ಕೆಳಗಿನ ಒಂದೇ ಕಂಪ್ಯೂಟರಿನಲ್ಲಿ. ಅದರೊಳಗೆ ನಾಲ್ಕು ಕಂಪ್ಯೂಟರ್ ಅಂದರೆ ನಮ್ಮ ಕಟ್ಟಡದ ನಾಲ್ಕು ಬಾಡಿಗೆ ಪೋರ್ಷನ್ ಇದ್ದ ಹಾಗೆ. ಬಾಗಿಲು ಬೇರೆ, ಬೀಗ ಬೇರೆ, ನೀರಿನ ಟ್ಯಾಂಕ್ ಮಾತ್ರ ಒಂದೇ; ಆ ಟ್ಯಾಂಕೇ ರ‍್ಯಾಮ್. ಈ ಉದಾಹರಣೆಯ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು. ಗುರುವಾರ ಸೆಟ್ಟಿಂಗ್ ತೆರೆದಾಗ ಅದು ಇಳಿಯಿತು. ಶಿವರಾಮ್‌ಗೆ ನಾಲ್ಕು ಜಿಬಿ, ಪದ್ಮಶ್ರೀಗೆ ನಾಲ್ಕು, ಮನೋಜ್‌ಗೆ ನಾಲ್ಕು. ತೇಜಸ್ವಿನಿಗೆ ಒಂದು.

ಮಾಡಿದವನು ನಾನೇ. ನೀವು ಒಂದು ತಿಂಗಳು ತಡವಾಗಿ ಸೇರಿದಿರಿ. ಮೊದಲು ಬಂದವರ ಪಾಲು ಕಡಿಮೆ ಮಾಡಲು ಮನಸ್ಸಾಗದೆ, ಕಂಪ್ಯೂಟರಿಗೇ ಬೇಕಾದದ್ದನ್ನು ತೆಗೆದಿಟ್ಟು, ಮಿಕ್ಕಿದ್ದನ್ನು ನಿಮಗೆ ಕೊಟ್ಟೆ. ಆಮೇಲೆ ನೋಡೋಣ ಎಂದುಕೊಂಡು ಮರೆತೆ. ಬೊಮ್ಮನಹಳ್ಳಿ ಗಾರ್ಮೆಂಟ್ಸಿನಲ್ಲಿ ಶರ್ಟ್ ಚೆಕ್ ಮಾಡುವ ಹೆಂಗಸು, ಎಷ್ಟು ದಿನ ಬಂದಾಳು ಎಂಬ ಯೋಚನೆಯೂ ತಲೆಯಲ್ಲಿತ್ತು. ಸುಳ್ಳು ಹೇಳಿ ಏನು ಪ್ರಯೋಜನ?

ನೀವೋ, ಶಿಫ್ಟ್ ಮುಗಿಸಿ ಬನಶಂಕರಿಯಲ್ಲಿ ಬಸ್ ಬದಲಾಯಿಸಿಕೊಂಡು ಒಂದು ದಿನವೂ ತಪ್ಪಿಸದೆ ಬಂದಿರಿ. ಹಾಜರಿಯ ಡೇಟಾಬೇಸ್ ಕೂರಿಸುವ ಪಾಠದಲ್ಲಿ ಮೂರು ಸಂಜೆ ನಿಮ್ಮ ಮಷೀನು ಒಂದೇ ಜಾಗದಲ್ಲಿ ನಿಂತಿತು. ಒಂದೊಂದು ಸಾಲಿಗೂ ಟಿಕ್ ಹಾಕಿದ್ದ ನೋಟ್‌ಬುಕ್ ಹಿಡಿದು, "ಸಾರ್, ನಾನು ಹೊಡ್ದಿದ್ದೆಲ್ಲ ಸರಿಯಾಗೇ ಐತೆ, ಮಷೀನೇ ನಿಂತೋಗ್ತೈತೆ" ಎಂದಿರಿ. ನಾನು ನೋಟ್‌ಬುಕ್ ನೋಡಲಿಲ್ಲ. ಎಲ್ಲರ ಎದುರಿಗೇ, "ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ. ಇದು ನಿನ್ನ ಕೈಗೆ ಹತ್ತಲ್ಲ ಬಿಡಮ್ಮ" ಎಂದೆ. ಮೂವರೂ ನಕ್ಕರು. ಮಾರನೆಯ ದಿನ ನಿಮ್ಮ ಮೆಸೇಜ್ ಬಂತು: "ಇನ್ಮೇಲೆ ಬರಲ್ಲ ಸಾರ್. ಫ್ಯಾಕ್ಟರಿ ಕಂಪ್ಯೂಟರ್ ಸೆಕ್ಷನ್ ಪೋಸ್ಟಿಗೂ ಅರ್ಜಿ ಹಾಕಲ್ಲ." ಅದಕ್ಕೆ ನಾನು ಕಳಿಸಿದ್ದು ಒಂದು ಹೆಬ್ಬೆರಳಿನ ಚಿತ್ರ. ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಈಗ ನಾಲ್ವರಿಗೂ ಹನ್ನೆರಡು ಹನ್ನೆರಡು ಜಿಬಿ. ಹಂಚಿದ ಮೇಲೆ ನಿಮ್ಮ ಮಷೀನು ತೆರೆದು, ನೀವು ಕಡೆಯ ದಿನ ಕೊಟ್ಟಿದ್ದ ಕಮಾಂಡುಗಳನ್ನೇ ಒಂದು ಚುಕ್ಕಿಯನ್ನೂ ಬದಲಿಸದೆ ಮತ್ತೆ ಓಡಿಸಿದೆ. ಒಂಬತ್ತು ನಿಮಿಷ. ಹಾಜರಿ ಪಟ್ಟಿಯ ಇನ್ನೂರ ನಲವತ್ತು ಹೆಸರೂ ಒಳಗೆ ಬಂದು ಕುಳಿತವು. ಎರರ್ ಇಲ್ಲ. ನೆಲ ನಿಜವಾಗಿಯೂ ಡೊಂಕಾಗಿತ್ತು ತೇಜಸ್ವಿನಿ, ಹಾಸಿದವನು ನಾನು.

ಅಂದದ್ದು ಮೂವರ ಎದುರಿಗೆ, ಒಪ್ಪಿಕೊಳ್ಳುವುದೂ ಅಲ್ಲೇ ಆಗಬೇಕು. ನಿನ್ನೆ ಅವರನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. "ನಾವೂ ನಕ್ಕಿದ್ವಲ್ಲ ಸಾರ್" ಎಂದು ಪದ್ಮಶ್ರೀ ತಲೆ ತಗ್ಗಿಸಿದರು. ನಿಮ್ಮ ಅರ್ಜಿಗೆ ಬರುವ ಶುಕ್ರವಾರ ಕಡೆಯ ದಿನ ಎಂದು ನೆನಪಿಸಿದವರೂ ಅವರೇ. ನನ್ನ ಕ್ಲಾಸಿಗೆ ಬರುವುದು ಬಿಡುವುದು ನಿಮ್ಮ ಇಷ್ಟ. ಅವತ್ತು ನಾನು ಅಂದ ಮಾತನ್ನು ನಂಬಿ ಆ ಅರ್ಜಿಯನ್ನು ಮಾತ್ರ ಬಿಡಬೇಡಿ.

ಇನ್ನೊಂದು ಮಾತು. ರ‍್ಯಾಮ್ ಹಾಕಲು ಕಂಪ್ಯೂಟರನ್ನು ಮೇಜಿನ ಕೆಳಗಿನಿಂದ ಎಳೆದಾಗ, ಅದರ ಮೈಗೆ ಒಂದು ಸಣ್ಣ ಕೆಂಪು ಬಾಣದ ಸ್ಟಿಕ್ಕರ್ ಅಂಟಿಕೊಂಡಿತ್ತು. ಯಾವುದೋ ಮಗುವಿನ ಕೆಲಸ ಎಂದುಕೊಂಡೆ. ನಿಮ್ಮ ಡೇಟಾಬೇಸ್ ಓಡಿದ ಮೇಲೆ ಅರ್ಥವಾಯಿತು. ಸೇರಿದ ಹೊಸದರಲ್ಲಿ ನೀವೇ ಹೇಳಿದ್ದಿರಿ: "ಡಿಫೆಕ್ಟ್ ಇರೋ ಜಾಗಕ್ಕೆ ಬಾಣ ಅಂಟಿಸ್ತೀವಿ ಸಾರ್. ಸರಿ ಮಾಡಿದ್ಮೇಲೆ ಚೆಕರೇ ಬಂದು ನೋಡಿ ಕೀಳ್ಬೇಕು. ಟೈಲರ್ ಕೀಳಂಗಿಲ್ಲ."

ಬಾಣ ಅಲ್ಲೇ ಇದೆ. ನಾನು ಕಿತ್ತಿಲ್ಲ.

ತಪ್ಪು ಕಂಡುಹಿಡಿಯುವ ನಿಮ್ಮ ಕಣ್ಣು ನೂರು ವರ್ಷ ಚುರುಕಾಗಿರಲಿ.

ಇತಿ,
ನಿಮ್ಮ ತಪಾಸಣೆಗೆ ಕಾಯುತ್ತಿರುವ
ಕೆಂಪರಾಜು