ಎಡಗಡೆಯ ನಿಲ್ದಾಣಗಳು

ಮನೆಯಿಂದ,
ಮಾರ್ಚ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಆರೋಗ್ಯವಾಗಿದ್ದೀಯಾ? ಎಂಜಿನ್ ರೂಮಿನ ಶಾಖಕ್ಕೆ ನಿನ್ನ ಕುತ್ತಿಗೆಯ ಮೇಲೆ ಎದ್ದಿದ್ದ ಬೆವರುಸಾಲೆ ಇಳಿಯಿತೇ? ಊಟ ಸೇರುತ್ತಿದೆಯೇ, ನಿದ್ದೆ ಹತ್ತುತ್ತಿದೆಯೇ ಎಂದು ಕೇಳಿ ಬರೆಯಲು ಅಮ್ಮ ಹೇಳಿದ್ದಾಳೆ. ಹಡಗಿನಲ್ಲಿ ಒಗೆದ ಬಟ್ಟೆ ಸರಿಯಾಗಿ ಒಣಗುತ್ತದೆಯೇ ಎಂಬುದೂ ಅವಳದೇ ಪ್ರಶ್ನೆ. ಸಮುದ್ರದ ಮೇಲೆ ಅಷ್ಟು ಗಾಳಿ ಬೀಸುವಾಗ ಒಣಗದೆ ಏನಾಗುತ್ತದೆ ಎಂದು ನಾನು ಹೇಳಿದರೆ ಅವಳಿಗೆ ಸಮಾಧಾನವಿಲ್ಲ. ಇಲ್ಲಿ ನಾವೆಲ್ಲ ಕ್ಷೇಮ. ಈ ಸಲದ ಪರೀಕ್ಷೆಯಲ್ಲಿಯೂ ತರಗತಿಗೆ ನಾನೇ ಮೊದಲು. ‘ರ್‍ಯಾಂಕಮ್ಮ’ ಎಂದು ನೀನು ರೇಗಿಸುವೆ ಎಂಬುದು ಗೊತ್ತಿದ್ದೇ ಬರೆದಿದ್ದೇನೆ.

ಹಿಂದಿನ ಪತ್ರದಲ್ಲಿ ನೀನು ಕೇಳಿದ ಪ್ರಶ್ನೆ ಒಂದೇ. ‘ನೀನು ಹಾಕಿಕೊಟ್ಟ ಬಸ್ಸಿನ ಆಟ ಈಗ ಮಂಜುಮಂಜಾಗಿ ಕಾಣ್ತದೆ ಕಣೋ, ಸ್ಟಾಪುಗಳೇ ತಪ್ಪಿಹೋಗ್ತವೆ, ಕಂಪ್ಯೂಟರಿಗೆ ವಯಸ್ಸಾಯ್ತು’ ಎಂದು ಅಪ್ಪ ನಿನಗೆ ಫೋನಿನಲ್ಲಿ ಹೇಳಿದ್ದರು. ವಯಸ್ಸಾದದ್ದು ಕಂಪ್ಯೂಟರಿಗೋ ಅಪ್ಪನ ಕಣ್ಣಿಗೋ, ಸರಿಯಾಗಿ ಪರೀಕ್ಷಿಸಿ ತಿಳಿಸು ಎಂದು ನೀನು ಬರೆದೆ. ದೋಷ ಕಂಪ್ಯೂಟರಿನದಾದರೆ ಚಿಂತೆಯಿಲ್ಲ. ಕಣ್ಣಿನದಾದರೆ, ಮೂವತ್ತೊಂದು ವರ್ಷ ಬಸ್ಸು ಓಡಿಸಿ ನಿವೃತ್ತರಾದ ಮೇಲೂ ಅಪ್ಪ ದಿನಾ ಬೆಳಿಗ್ಗೆ ಏಳೂಕಾಲಿಗೆ ತೆಗೆದುಕೊಂಡು ಹೋಗುವ ಶಾಲೆಯ ವ್ಯಾನಿನ ಕೀಲಿಯನ್ನು ಅವರ ಕೈಯಿಂದ ಬಿಡಿಸಬೇಕಾಗುತ್ತದೆ. ಕಣ್ಣಿನ ವೈದ್ಯರಲ್ಲಿಗೆ ಕರೆದರೆ, ‘ಎದುರಂಗಡಿ ಬೋರ್ಡಿನ ಕಡೇ ಸಾಲು ಓದ್ತೀನಿ, ಇನ್ನೇನು ಬೇಕು’ ಎನ್ನುತ್ತಾರೆ, ಓದಿಯೂ ತೋರಿಸುತ್ತಾರೆ. ಫೋನಿನಲ್ಲಿ ಇದನ್ನೆಲ್ಲ ಹೇಳೋಣವೆಂದರೆ ಅಪ್ಪ ನನ್ನ ಪಕ್ಕದಲ್ಲಿಯೇ ತಮ್ಮ ಸರದಿಗಾಗಿ ಕೈಚಾಚಿ ನಿಂತಿರುತ್ತಾರೆ. ಆದ್ದರಿಂದ ಪತ್ರ.

ದೋಷ ಯಂತ್ರದ್ದೇ ಎಂಬ ನಂಬಿಕೆಯಿಂದಲೇ ನಾನು ಆರಂಭಿಸಿದೆ. ನಂಬಲು ಕಾರಣವೂ ಇತ್ತು. ಜನವರಿಯಲ್ಲಿ ಕಂಪ್ಯೂಟರು ಕಾದು ಇಪ್ಪತ್ತು ನಿಮಿಷಕ್ಕೊಮ್ಮೆ ತಾನಾಗಿಯೇ ಆರಿಹೋಗುತ್ತಿತ್ತು. ಬಸ್ಸು ಅರ್ಧ ದಾರಿಯಲ್ಲಿರುವಾಗಲೇ ಪರದೆ ಕಪ್ಪಾಗುತ್ತಿತ್ತು. ‘ಪ್ರಯಾಣಿಕರನ್ನ ನಡುದಾರಿಯಲ್ಲಿ ಇಳಿಸಿದ್ದು ನನ್ನ ಸರ್ವಿಸಿನಲ್ಲೇ ಇಲ್ಲ’ ಎಂದು ಅಪ್ಪ ಬೇಸರಪಟ್ಟರು. ಆಗ ನಾನು ಆಟದ ಚಿತ್ರದ ಗುಣಮಟ್ಟವನ್ನು ಎಲ್ಲಕ್ಕಿಂತ ಕೆಳಗಿನ ಹಂತಕ್ಕೆ ಇಳಿಸಿದೆ. ನೆರಳುಗಳನ್ನು ತೆಗೆದೆ, ಕನ್ನಡಿಯ ಪ್ರತಿಬಿಂಬ ತೆಗೆದೆ, ಕಣ್ಣಿಗೆ ಕಾಣುವ ದೂರವನ್ನು ಕಾಲುಭಾಗಕ್ಕೆ ತಂದೆ. ಯಂತ್ರದ ಮೇಲಿನ ಹೊರೆ ತಗ್ಗಿ ಅದು ಆರುವುದು ನಿಂತಿತು, ಆದರೆ ನೂರು ಮೀಟರಿನಾಚೆಗೆ ಎಲ್ಲವೂ ಮಂಜಾಯಿತು. ಅಪ್ಪ ನಿನಗೆ ದೂರಿದ್ದು ಆ ಮಂಜಿನ ಬಗ್ಗೆ ಎಂದುಕೊಂಡೆ. ಅದು ನಾನೇ ಮಾಡಿದ ಮಂಜಾಗಿದ್ದರೆ ಎಷ್ಟು ಸುಲಭವಾಗುತ್ತಿತ್ತು ನೋಡು. ಚಿತ್ರವನ್ನು ಮತ್ತೆ ಮೇಲಕ್ಕೇರಿಸಬೇಕಾದರೆ ಮೊದಲು ಶಾಖವನ್ನು ಇಳಿಸಬೇಕು. ಕೆಲಸದ ಕ್ರಮ ಸ್ಪಷ್ಟವಾಗಿತ್ತು.

ಶಾಖಕ್ಕೆ ಮೊದಲ ಕಾರಣ ನಮ್ಮ ಅಮ್ಮ. ಧೂಳು ಕೂರಬಾರದೆಂದು ಅವಳು ಹೊಲಿಗೆಯಂತ್ರದ ಮುಂದೆ ಕುಳಿತು ಕಂಪ್ಯೂಟರಿನ ಪೆಟ್ಟಿಗೆಗೊಂದು ದಪ್ಪ ಬಟ್ಟೆಯ ಗವಸು ಹೊಲಿದಿದ್ದಳು, ಅಂಚಿಗೆ ಲೇಸು ಸಮೇತ. ಅಪ್ಪ ಆ ಗವಸನ್ನು ತೆಗೆಯದೆಯೇ ಆಡುತ್ತಿದ್ದರು. ಕೇಳಿದರೆ, ‘ನಿಮ್ಮಮ್ಮ ಹಾಕಿದ್ದು, ನಾನ್ಯಾಕೆ ಬಿಚ್ಚಲಿ’ ಎಂದರು. ಗವಸು ತೆಗೆದು ಪಕ್ಕದ ತಗಡನ್ನು ಬಿಚ್ಚಿದೆ. ಒಳಗೆ ಅಮ್ಮನ ಬಟ್ಟೆಯ ಎಳೆಗಳೂ ಧೂಳೂ ಕೂಡಿಕೊಂಡು ಕಂಬಳಿಯಂತೆ ಹೆಣೆದುಕೊಂಡಿದ್ದವು. ಬ್ರಶ್ಶಿನಿಂದ ಬಿಡಿಸಿದೆ, ಫ್ಯಾನುಗಳನ್ನು ಕಳಚಿ ಒರೆಸಿದೆ, ಪ್ರೊಸೆಸರಿನ ಮೇಲೆ ಒಣಗಿ ಪುಡಿಯಾಗಿದ್ದ, ಶಾಖ ಹೊರಗೆಳೆಯುವ ಹಳೆಯ ಪೇಸ್ಟನ್ನು ಕೆರೆದು ಹೊಸದನ್ನು ತೆಳ್ಳಗೆ ಹಚ್ಚಿದೆ. ಎಲ್ಲವನ್ನೂ ಜೋಡಿಸಿ ನೋಡಿದರೆ ಶಾಖ ಎಂಬತ್ತೆಂಟು ಡಿಗ್ರಿಯಿಂದ ತೊಂಬತ್ತಮೂರಕ್ಕೆ ಏರಿತ್ತು.

ಎರಡು ದಿನ ನನಗೆ ಅದರದೇ ಕೆಲಸ. ಪೇಸ್ಟನ್ನು ಮತ್ತೆ ಕೆರೆದು ಮತ್ತೆ ಹಚ್ಚಿದೆ. ಪರದೆಗೆ ಚಿತ್ರ ಮೂಡಿಸುವ ಡ್ರೈವರ್ ತಂತ್ರಾಂಶವನ್ನು ತೆಗೆದು ಹೊಸದಾಗಿ ಹಾಕಿದೆ. ಸೆಕೆಂಡಿಗೆ ಅರವತ್ತು ಚಿತ್ರ ಬರುತ್ತಿದ್ದುದನ್ನು ಮೂವತ್ತಕ್ಕೆ ಕಟ್ಟಿಹಾಕಿದೆ. ಮೂರನೆಯ ದಿನ ಅಪ್ಪ ಬಂದು, ವೃತ್ತಪತ್ರಿಕೆಯ ಅಂಚಿನಿಂದ ಬೆರಳಗಲದ ಚೂರೊಂದನ್ನು ಹರಿದು ಪೆಟ್ಟಿಗೆಯ ಹಿಂಬದಿಗೆ ಹಿಡಿದರು. ಹಾರಬೇಕಾಗಿದ್ದ ಕಾಗದ ಹೋಗಿ ಜಾಲರಿಗೆ ಅಂಟಿಕೊಂಡಿತು. ‘ಹಿಂದಿನ ಫ್ಯಾನು ಬಿಸಿಗಾಳೀನ ಆಚೆ ಹಾಕ್ಬೇಕಲ್ವೇನೇ? ಇದು ಒಳಗೆ ಎಳ್ಕೊಳ್ತಾ ಇದೆ. ಕ್ಲಾಸಿಗೆ ಫಸ್ಟು, ಫ್ಯಾನು ಮಾತ್ರ ಉಲ್ಟಾ’ ಎಂದರು. ಒರೆಸಿದ ಮೇಲೆ ಅದನ್ನು ಹಿಂದುಮುಂದಾಗಿ ಕೂರಿಸಿದವಳು ನಾನೇ. ಅಮ್ಮ ನಕ್ಕು ನಕ್ಕು ಸೂಜಿ ಎಲ್ಲಿಟ್ಟೆನೆಂದು ಹುಡುಕಿದಳು. ನನಗೆ ಅವಮಾನವಾಯಿತು, ಆದರೂ ಒಳಗೊಳಗೆ ಧೈರ್ಯ ಬಂತು. ಅಷ್ಟು ಚಿಕ್ಕ ಚೂರಿನ ಚಲನೆಯನ್ನು ಗಮನಿಸಿದವರ ಕಣ್ಣಿಗೆ ಏನಾಗಿರಲು ಸಾಧ್ಯ?

ಫ್ಯಾನು ತಿರುಗಿಸಿ ಹಾಕಿದ ಮೇಲೆ ಒಂದು ಗಂಟೆ ಓಡಿದರೂ ಶಾಖ ಎಪ್ಪತ್ತೊಂದನ್ನು ದಾಟಲಿಲ್ಲ. ಆಮೇಲೆ ಚಿತ್ರವನ್ನು ಏರಿಸತೊಡಗಿದೆ, ಒಂದು ಸಲಕ್ಕೆ ಒಂದೇ ಬದಲಾವಣೆ; ಪ್ರಯೋಗಾಲಯದಲ್ಲಿ ನಮಗೆ ಕಲಿಸಿದ್ದು ಹಾಗೆಯೇ. ಮೊದಲು ದೂರ, ನಂತರ ನೆರಳು, ಕೊನೆಗೆ ಕನ್ನಡಿ. ಶುಕ್ರವಾರದ ಹೊತ್ತಿಗೆ ರಸ್ತೆಬದಿಯ ಮರದ ಎಲೆಗಳನ್ನು ಎಣಿಸಬಹುದಾಗಿತ್ತು. ಕಂಪ್ಯೂಟರಿಗೆ ಜೋಡಿಸಿದ ಆಟದ ಸ್ಟೀರಿಂಗು ಹಿಡಿದು ಅಪ್ಪ ಕುಳಿತರು. ನಾನು ಪಕ್ಕದ ಕುರ್ಚಿಯಲ್ಲಿ ಕಾಗದ ಇಟ್ಟುಕೊಂಡು ಕುಳಿತೆ. ಆ ದಾರಿಯಲ್ಲಿ ಹನ್ನೆರಡು ನಿಲ್ದಾಣಗಳು, ಎಲ್ಲವೂ ಎಡಗಡೆ. ಅಪ್ಪ ಐದನ್ನು ದಾಟಿಕೊಂಡು ಹೋದರು. ಒಂದು ಕಡೆ ಎಡದ ಅಡ್ಡರಸ್ತೆಯಿಂದ ಸೈಕಲ್ಲೊಂದು ಬಂತು. ಬ್ರೇಕಿನ ಮೇಲೆ ಕಾಲು ಹೋಗಲೇ ಇಲ್ಲ. ಆಟವಾದ್ದರಿಂದ ಸದ್ದಾಯಿತು, ಅಷ್ಟೇ. ‘ಎಲ್ಲಿಂದ ಬಂದ ಇವನು, ನಿಮ್ಮ ಕಂಪ್ಯೂಟರಿನಲ್ಲಿ ಆಕಾಶದಿಂದ ಇಳಿತಾರಾ’ ಎಂದರು ಅಪ್ಪ.

ನಾನು ಸೈಕಲ್ಲನ್ನು ಬಹಳ ಮೊದಲೇ ನೋಡಿದ್ದೆ. ಆದರೂ ಇನ್ನೊಂದು ಪರೀಕ್ಷೆ ಉಳಿದಿತ್ತು. ಆಟದಲ್ಲಿ ರಸ್ತೆಯ ಬದಿಯನ್ನು ಅದಲುಬದಲು ಮಾಡುವ ಸೌಲಭ್ಯವಿದೆ. ನಿನ್ನೆ ಬೆಳಿಗ್ಗೆ ಬಸ್ಸನ್ನು ಬಲಬದಿಗೆ ಹಾಕಿದೆ. ಅದೇ ಊರು, ಅದೇ ಚಿತ್ರ, ಅದೇ ವೇಗ, ನಿಲ್ದಾಣಗಳು ಮಾತ್ರ ಬಲಗಡೆ. ಅಭ್ಯಾಸವಿಲ್ಲದ ಬದಿಯಾದ್ದರಿಂದ ಹೆಚ್ಚು ತಪ್ಪಬೇಕಿತ್ತು. ಹನ್ನೆರಡಕ್ಕೆ ಹನ್ನೆರಡನ್ನೂ ಹಿಡಿದರು. ಬಾಗಿಲು ಪ್ರಯಾಣಿಕರ ಮೂಗಿನ ನೇರಕ್ಕೇ ಬರುವಂತೆ ನಿಲ್ಲಿಸಿದರು, ಎಂದಿನ ಅಪ್ಪನ ಹಾಗೆ. ಮತ್ತೆ ಎಡಕ್ಕೆ ಹಾಕಿದೆ, ಆರು ತಪ್ಪಿದವು. ನಾನು ಕಾಗದದ ಮೇಲೆ ಬರೆದುಕೊಂಡೆ, ಕೆಳಗೆ ಗೆರೆ ಎಳೆದೆ. ಏನಾದರೂ ಅನ್ನಿಸೀತೆಂದು ಕಾದೆ, ಏನೂ ಅನ್ನಿಸಲಿಲ್ಲ. ಈಗ ಬರೆಯುವಾಗಲೂ ಪ್ರಯೋಗದ ವರದಿ ಬರೆಯುತ್ತಿರುವಂತೆಯೇ ಇದೆ. ನೇರಕ್ಕಿರುವುದನ್ನು ಅಪ್ಪ ನಮ್ಮೆಲ್ಲರಂತೆ ಓದಬಲ್ಲರು. ಎಡದಂಚು ಅವರಿಗೆ ಇಲ್ಲ. ಇಲ್ಲವೆಂಬುದೂ ಅವರಿಗೆ ಕಾಣುವುದಿಲ್ಲ ಎಂದು ನಾನು ತಿಳಿದಿದ್ದೆ.

ಅದೊಂದು ನನ್ನ ತಪ್ಪು ತಿಳಿವಳಿಕೆ. ಅಪ್ಪ ಕಾಗದದ ಕಡೆ ನೋಡಿದರು. ಎರಡು ಸಾಲಿನ ಅಂಕಿ ಓದಲು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸ್ಟೀರಿಂಗಿನ ಮೇಲಿದ್ದ ಕೈಯನ್ನು ತೆಗೆಯದೆಯೇ, ‘ಪುಟ್ಟೀ, ಮೊದಲು ಇತ್ತಲ್ಲ, ಹಾಗೇ ಮಂಜು ಮಾಡಿಬಿಡು’ ಎಂದರು. ಏಕೆ ಎಂದು ಕೇಳಿದೆ; ಕೇಳಬಾರದಾಗಿತ್ತು. ‘ಆಗ ಮೆಷಿನ್ನಿಂದೇ ತಪ್ಪು ಅಂತ ಇತ್ತು’ ಎಂದರು. ನಾನು ಎಲ್ಲವನ್ನೂ ಒಂದೊಂದಾಗಿ ಕೆಳಕ್ಕಿಳಿಸಿದೆ. ಕನ್ನಡಿ, ನೆರಳು, ದೂರ. ಅವರು ಮಂಜಿನಲ್ಲಿ ಇನ್ನೊಂದು ಸುತ್ತು ಹೋದರು. ಊಟಕ್ಕೆ ಅಮ್ಮ ಕರೆದಾಗ ಎದ್ದು ಕೈತೊಳೆದು ಕುಳಿತು, ‘ಫ್ಯಾನು ಚೆನ್ನಾಗಿ ರಿಪೇರಿಯಾಗಿದೆ, ನಿನ್ನ ಮಗಳು ಬುದ್ಧಿವಂತೆ’ ಎಂದು ಅವಳಿಗೆ ಹೇಳಿದರು. ಅಮ್ಮನಿಗೆ ಇನ್ನೂ ಏನೂ ತಿಳಿಯದು.

ನೀನು ಕೇಳಿದ್ದ ಪ್ರಶ್ನೆಗೆ ಉತ್ತರ ಇಷ್ಟೇ ಅಣ್ಣಾ. ನಿನ್ನ ಕಂಪ್ಯೂಟರು ಸರಿಯಾಗಿದೆ. ಎಂಜಿನ್ನಿನ ಹತ್ತಿರ ಹೋಗುವಾಗ ಕೈಗವಸು ಮರೆಯಬೇಡ, ನೀರು ಹೆಚ್ಚು ಕುಡಿ. ಅಪ್ಪ ಅಮ್ಮ ನಿನಗೆ ಆಶೀರ್ವಾದ ತಿಳಿಸಿದ್ದಾರೆ. ನಿನ್ನ ಜೊತೆಯವರಿಗೂ ನಮ್ಮೆಲ್ಲರ ನಮಸ್ಕಾರ ಹೇಳು.

ನಿನ್ನ ತಂಗಿ

ಮತ್ತೊಂದು: ಸೋಮವಾರ, ಲಕೋಟೆ ಅಂಟಿಸುವ ಮುನ್ನ ಅವಸರದಲ್ಲಿ ಬರೆಯುತ್ತಿದ್ದೇನೆ. ಇಂದು ಬೆಳಿಗ್ಗೆ ಆರೂವರೆಗೆ ಮೂಲೆಯಂಗಡಿಗೆ ಹೋಗಿ ಅಲ್ಲಿಂದ ಶಾಲೆಯ ಮುಖ್ಯೋಪಾಧ್ಯಾಯಿನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಅವರ ಮಗ ಹಡಗಿನಿಂದ ತಿಳಿಸಿದ್ದಾನೆ, ನಾನು ಪಕ್ಕದ ಮನೆಯವಳು ಎಂದೆ. ಏಳಕ್ಕೆ ಶಾಲೆಯ ಕಡೆಯವರೊಬ್ಬರು ಬಂದು ಕೀಲಿ ತೆಗೆದುಕೊಂಡು ಹೋದರು. ಬಂದವರು ‘ನಿಮ್ಮ ಮಗನೇ ತಿಳಿಸಿದ್ದು’ ಎಂದದ್ದರಿಂದ, ಶಾಲೆಗೆ ಹೇಳಿಸಿದವನು ನೀನೇ ಎಂದು ಅಪ್ಪ ನಂಬಿದ್ದಾರೆ. ನಿನ್ನ ಫೋನು ಬಂದರೆ ತಮಗೆ ಕೊಡಬೇಡಿ ಎಂದಿದ್ದಾರೆ. ನನ್ನ ಮೇಲೆ ಅನುಮಾನವಿಲ್ಲ, ಬುಧವಾರ ಕಣ್ಣಿನ ವೈದ್ಯರಲ್ಲಿಗೆ ನನ್ನ ಜೊತೆ ಬರಲು ಒಪ್ಪಿದ್ದಾರೆ. ನಾನೆಂದು ತಿಳಿದರೆ ಬರುವುದಿಲ್ಲ. ಅಲ್ಲಿಗೆ ಇನ್ನೂ ಎಷ್ಟು ಸಲ ಹೋಗಬೇಕಾಗುವುದೋ ತಿಳಿಯದು. ಎಂದಾದರೂ ಅವರು ಕೇಳಿದರೆ, ಹೌದು ನಾನೇ ಎಂದು ಒಪ್ಪಿಕೋ. ನೀನು ದೂರದಲ್ಲಿರುವೆ, ಸಿಟ್ಟು ಅಲ್ಲಿಯೇ ಇರಲಿ.